ಬಿಗಿತಕ್ಕೂ ಒಂದು ಹದ

ಸಂಘದ ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಕೊಡಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ, ನಾನು ವಚನ ಸಾಹಿತ್ಯದ ಬಗೆಗೋ ಗಡಿನಾಡಿನ ಕನ್ನಡ ಶಾಲೆಗಳ ಬಗೆಗೋ ಬರೆಯುವೆನೆಂದು ಅವರು ನಿರೀಕ್ಷಿಸಿರಬೇಕು. ಆದರೆ ನಾನು ಬರೆಯಹೊರಟಿರುವುದು ಮೋಟಾರು ಕಾರಿನ ನಟ್ಟು ಬೋಲ್ಟುಗಳನ್ನು ಬಿಗಿಯುವ ವಿಷಯ. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ನೆಲೆಸಿರುವ ನಮಗೆ ಇದು ಪರಕೀಯವಾದ ಸಂಗತಿಯೇನಲ್ಲ. ಜಿ. ಡಿ. ನಾಯ್ಡು ಅವರು 1920ರಲ್ಲಿ ಪೊಳ್ಳಾಚಿಗೂ ಪಳನಿಗೂ ನಡುವೆ ಒಂದೇ ಬಸ್ಸಿನಿಂದ ಸಾರಿಗೆಯನ್ನು ಆರಂಭಿಸಿದ ಸೀಮೆ ಇದು. ಚೆಟ್ಟಿಪಾಳಯದ ರೇಸ್ ಪಥಕ್ಕೆ ಕರಿವರ್ಧನ್ ಅವರ ಹೆಸರಿದೆ. 2005ರಲ್ಲಿ ಫಾರ್ಮುಲಾ ಒನ್ ಸ್ಪರ್ಧೆಗಿಳಿದ ಮೊದಲ ಭಾರತೀಯ ನರೈನ್ ಕಾರ್ತಿಕೇಯನ್ ಕೊಯಮತ್ತೂರಿನವರೇ. ಇಂಥ ಊರಿನ ಹುಡುಗರಿಗೆ ಕಾರಿನ ಹುಚ್ಚು ಹಿಡಿಯದಿದ್ದರೆ ಅದೇ ಆಶ್ಚರ್ಯ.

ಇಲ್ಲಿಯೇ ಇಂಜಿನಿಯರಿಂಗ್ ಓದುತ್ತಿರುವ ನನ್ನ ಮಗಳ ಮಗನಿಗೂ ಆ ಹುಚ್ಚು ಇದೆ. ಕಳೆದ ವರ್ಷ ಅವನು ಅಂಗಡಿಯೊಂದರಲ್ಲಿ ಮನೆಯ ಕಾರಿಗೆ ಸ್ಟ್ರಟ್ ಬಾರ್ ಎಂಬ ಅಡ್ಡಪಟ್ಟಿಯನ್ನು ಹಾಕಿಸಿಕೊಂಡು ಬಂದ. ಅದೇನೆಂದು ತಿಳಿಯದವರಿಗಾಗಿ ಎರಡು ಮಾತು. ಹಳೆಯ ಅಂಬಾಸಿಡರ್ ಕಾರಿನ ಮುಂಭಾಗದಲ್ಲಿ ತಿರುಚುವ ಸರಳುಗಳು ಸ್ಪ್ರಿಂಗಿನ ಕೆಲಸ ಮಾಡುತ್ತಿದ್ದವು. 1983ರಲ್ಲಿ ಬಂದ ಮಾರುತಿ 800 ಮತ್ತು ಅನಂತರದ ಬಹುಪಾಲು ಸಣ್ಣ ಕಾರುಗಳಲ್ಲಿ ಇರುವುದು ಅಮೆರಿಕದ ಇಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ರೂಪಿಸಿದ ಸ್ಟ್ರಟ್. ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಕಂಬದಂತೆ ನಿಂತು, ಬಾನೆಟ್ಟಿನ ಕೆಳಗೆ ಎಡಬಲಗಳಲ್ಲಿರುವ ಎರಡು ಗೋಪುರಗಳಿಗೆ ತಲೆಯೊತ್ತುತ್ತವೆ. ಕಾರು ತಿರುವಿನಲ್ಲಿ ವಾಲಿದಾಗ ಆ ಗೋಪುರಗಳು ಕೂದಲೆಳೆಯಷ್ಟು ಅತ್ತಿತ್ತ ಬಾಗುತ್ತವೆ. ಎರಡನ್ನೂ ಒಂದು ಗಟ್ಟಿ ಪಟ್ಟಿಯಿಂದ ಜೋಡಿಸಿದರೆ ಬಾಗುವಿಕೆ ಕಡಿಮೆಯಾಗಿ ಸ್ಟೀರಿಂಗ್ ಹೆಚ್ಚು ಖಚಿತವಾಗುತ್ತದೆ. ರೇಸಿನ ಕಾರಿಗೆ ಇದರ ಪ್ರಯೋಜನ ಉಂಟು. ಮಾರುಕಟ್ಟೆಗೆ ಹೋಗಿಬರುವ ಕಾರಿಗೆ ಅಷ್ಟಕ್ಕಷ್ಟೇ.

ಆ ಪಟ್ಟಿ ಹಾಕಿಸಿದ ಮೇಲೆ ಬಂಧುಗಳ ಮದುವೆಗೆಂದು ನಾವೆಲ್ಲ ಚಾಮರಾಜನಗರಕ್ಕೆ ಹೋಗಿದ್ದೆವು. ಹಿಂದಿರುಗುವಾಗ ದಿಂಬಂ ಘಾಟಿಯ ತಿರುವುಗಳಲ್ಲಿ ಬಲಗಡೆಯಿಂದ ಟಕ್ ಟಕ್ ಎಂಬ ಸದ್ದು ಆರಂಭವಾಯಿತು. ಆ ಘಾಟಿಯಲ್ಲಿ 27 ಹೇರ್‌ಪಿನ್ ತಿರುವುಗಳಿವೆ. ಒಂದೊಂದು ತಿರುವಿಗೂ ಸದ್ದು ದಪ್ಪವಾಗುತ್ತ ಬಂತು. ಕಾರಿನಲ್ಲಿ ನನ್ನ ಹೆಂಡತಿ, ಮಗಳು, ಅಳಿಯ ಇದ್ದರು. ಮೊಮ್ಮಗ ಚಕ್ರ ಹಿಡಿದಿದ್ದ. ಯಾರೂ ಮಾತನಾಡಲಿಲ್ಲ. ಮೆಲ್ಲಮೆಲ್ಲನೆ ಇಳಿದು ಬಣ್ಣಾರಿ ಅಮ್ಮನ ಗುಡಿಯ ಬಳಿ ಕಾರು ನಿಲ್ಲಿಸಿ, ಅವಿನಾಶಿಯಲ್ಲಿ ವರ್ಕ್‌ಶಾಪ್ ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿಗೆ ಫೋನು ಮಾಡಿದೆ. "ಅಲ್ಲೇ ಇರಿ ಮೇಷ್ಟ್ರೇ, ಮುಂದಕ್ಕೆ ಓಡಿಸಬೇಡಿ, ನಾನೇ ಬರ್ತೀನಿ" ಎಂದ.

ಅವನು ತಾಳವಾಡಿ ಕಡೆಯವನು. ನಮ್ಮ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೂ ಕನ್ನಡ ಮಾಧ್ಯಮದಲ್ಲಿ ಕಲಿತವನು. ಕನ್ನಡದಲ್ಲಿ ಓದಿದರೆ ತಮಿಳುನಾಡಿನಲ್ಲಿ ಅನ್ನ ಹುಟ್ಟೀತೇ ಎಂದು ಅವನ ತಂದೆ ನನ್ನನ್ನು ಒಮ್ಮೆ ನೇರವಾಗಿಯೇ ಕೇಳಿದ್ದರು. ಆಗ ನನ್ನಲ್ಲಿ ಉತ್ತರವಿರಲಿಲ್ಲ.

ಬಂದವನೇ ಬಾನೆಟ್ ಎತ್ತಿ ನೋಡಿದ. ಬಲಗಡೆಯ ಗೋಪುರದ ಮೇಲೆ ಮೂರು ನಟ್ಟುಗಳು. ಒಂದು ಬೆರಳಲ್ಲೇ ತಿರುಗುತ್ತಿತ್ತು. ಇನ್ನೊಂದನ್ನು ಗಾಳಿಯ ಗನ್ನಿನಿಂದ ಮಿತಿಮೀರಿ ಬಿಗಿದು ಅದರ ಮರೆಗಳೇ ಸವೆದುಹೋಗಿದ್ದವು. ಅವನು ಮೊಮ್ಮಗನನ್ನು ಹತ್ತಿರ ಕರೆದು ಹೇಳಿದ ಮಾತು ನನಗೆ ಈಗಲೂ ನೆನಪಿದೆ: "ನೋಡು ತಮ್ಮಾ, ಇವು ಪಟ್ಟಿಗೆ ಅಂತ ಹೊಸದಾಗಿ ಹಾಕಿದ ನಟ್ಟಲ್ಲ. ಸ್ಟ್ರಟ್ಟನ್ನ ಬಾಡಿಗೆ ಹಿಡಿದಿರೋ ನಟ್ಟೇ ಇವು. ಇವನ್ನು ಬಿಚ್ಚಿ, ಪಟ್ಟಿ ಇಟ್ಟು, ಮತ್ತೆ ಹಾಕ್ತಾರೆ. ಪಟ್ಟಿ ಸಡಿಲ ಆದ್ರೆ ಸದ್ದು ಬರುತ್ತೆ, ಇವು ಹೋದ್ರೆ ಸ್ಟ್ರಟ್ಟೇ ಹೋಗುತ್ತೆ." ಶೋಭೆಗೆಂದು ಹಾಕಿಸಿದ ಪಟ್ಟಿಗೆ ಐದು ಜೀವಗಳು ಜಾಮೀನಾಗಿದ್ದವೆಂಬುದು ಆಗ ತಿಳಿಯಿತು. ಅವನು ಪಟ್ಟಿಯನ್ನು ತೆಗೆದು, ಸರಿಯಿದ್ದ ಎರಡು ನಟ್ಟುಗಳನ್ನು ಬಿಗಿದು, ತಾನು ಮುಂದೆ ಹೋಗುತ್ತ ನಮ್ಮನ್ನು ನಿಧಾನವಾಗಿ ಅವಿನಾಶಿಗೆ ಕರೆದೊಯ್ದ. ಮರುದಿನ ಸ್ಟ್ರಟ್ಟಿನ ಮೇಲಿನ ಮೌಂಟನ್ನೇ ಬದಲಾಯಿಸಬೇಕಾಯಿತು.

ಆ ದಿನ ವರ್ಕ್‌ಶಾಪಿನಲ್ಲಿ ಕುಳಿತು ನಾನು ಕಲಿತದ್ದನ್ನು ಇಲ್ಲಿ ನಿವೇದಿಸುತ್ತೇನೆ. ಬೋಲ್ಟು ಎಂಬುದು ಮೊಳೆಯಂತೆ ಸುಮ್ಮನೆ ನಿಲ್ಲುವ ವಸ್ತುವಲ್ಲ. ಬಿಗಿದಾಗ ಅದು ಸ್ಪ್ರಿಂಗಿನಂತೆ ಅತ್ಯಲ್ಪವಾಗಿ ಹಿಗ್ಗುತ್ತದೆ. ಮರಳಿ ಕುಗ್ಗಲು ಎಳೆಯುವ ಆ ಸೆಳೆತವೇ ಎರಡು ಭಾಗಗಳನ್ನು ಒತ್ತಿ ಹಿಡಿಯುತ್ತದೆ. ಸೆಳೆತ ಸಾಲದಿದ್ದರೆ ನಡುಕಕ್ಕೆ ನಟ್ಟು ಸಡಿಲಗೊಳ್ಳುತ್ತದೆ. ಮಿತಿಮೀರಿದರೆ ಬೋಲ್ಟು ಹಿಗ್ಗಿದ್ದು ಹಿಗ್ಗಿದಂತೆಯೇ ಉಳಿದು ಸತ್ವ ಕಳೆದುಕೊಳ್ಳುತ್ತದೆ. ನಮ್ಮ ದೇವಾಂಗ ಬಂಧುಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಗ್ಗದ ಹಾಸು ಜೋಲಾದರೆ ಬಟ್ಟೆ ಕೆಡುತ್ತದೆ, ಅತಿಯಾಗಿ ಎಳೆದರೆ ನೂಲು ಹರಿಯುತ್ತದೆ.

ಆ ಹದವನ್ನು ಅಳೆಯುವ ಸಾಧನವೇ ಟಾರ್ಕ್ ರೆಂಚ್. ಲೆಕ್ಕ ಶಾಲೆಯ ಸನ್ನೆಗೋಲಿನದೇ. 25 ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿಯನ್ನು 20 ಕಿಲೋ ಬಲದಿಂದ ಎಳೆದರೆ ಸುಮಾರು 49 ನ್ಯೂಟನ್ ಮೀಟರ್. ಕೊಳವೆ ತೊಡಿಸಿ ಉದ್ದವನ್ನು ಇಮ್ಮಡಿಸಿದರೆ ಅದೇ ಕೈಬಲಕ್ಕೆ ತಿರುಗುಬಲವೂ ಇಮ್ಮಡಿಯಾಗುತ್ತದೆ. ಕೈಗೆ ಆ ವ್ಯತ್ಯಾಸ ತಿಳಿಯದು. ಇನ್ನೊಂದು ಸಂಗತಿ ನನ್ನನ್ನು ಬೆರಗುಗೊಳಿಸಿತು. ನಾವು ಹಾಕುವ ತಿರುಗುಬಲದಲ್ಲಿ ಸರಿಸುಮಾರು ಹತ್ತನೆಯ ಒಂದು ಪಾಲು ಮಾತ್ರ ಬೋಲ್ಟನ್ನು ಸೆಳೆಯುತ್ತದೆ. ಉಳಿದದ್ದು ಘರ್ಷಣೆಗೆ ಸಲ್ಲುತ್ತದೆ. ಆದುದರಿಂದ ಒಣ ಮರೆಗೆ ಹೇಳಿದ ಸಂಖ್ಯೆಯನ್ನು ಎಣ್ಣೆ ಸವರಿದ ಮರೆಗೆ ಬಳಸಿದರೆ ಬೋಲ್ಟು ಅತಿಯಾಗಿ ಹಿಗ್ಗುತ್ತದೆ.

ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಎಣ್ಣೆಗಲೆ ಹತ್ತಿದ ಒಂದು ನೋಟ್ ಪುಸ್ತಕವಿತ್ತು. ಯಾವ ಕಾರಿನ ಯಾವ ನಟ್ಟಿಗೆ ಎಷ್ಟು ಬಿಗಿತ ಎಂಬುದನ್ನು ತಯಾರಕರ ಕೈಪಿಡಿಗಳಿಂದ ಅವನು ಅದರಲ್ಲಿ ಬರೆದಿಟ್ಟುಕೊಂಡಿದ್ದ. ಎಲ್ಲವೂ ಕನ್ನಡದಲ್ಲಿ! ಗಿರಾಕಿಗಳು ತಮಿಳರು, ಕೈಪಿಡಿ ಇಂಗ್ಲಿಷಿನಲ್ಲಿ, ತಪ್ಪಬಾರದ ಲೆಕ್ಕ ಮಾತ್ರ ಕನ್ನಡದಲ್ಲಿ. "ಯಾಕಪ್ಪಾ?" ಎಂದೆ. "ಕನ್ನಡದಲ್ಲಿ ಬರೆದ್ರೆ ಓದೋವಾಗ ತಪ್ಪಲ್ಲ ಮೇಷ್ಟ್ರೇ" ಎಂದು ಕೆಲಸಕ್ಕೆ ತಿರುಗಿದ. ಅವನ ತಂದೆ ಇಂದು ಇಲ್ಲ; ಇದ್ದಿದ್ದರೆ ಆ ಪುಸ್ತಕವನ್ನು ತೋರಿಸುತ್ತಿದ್ದೆ.

ಮೊಮ್ಮಗ ಮನೆಯಲ್ಲಿ ಕನ್ನಡ ಆಡುತ್ತಾನೆ, ಓದಲಾರ. ಒಂದು ಪುಟದ ಚಿತ್ರ ತೆಗೆದುಕೊಂಡು ಬಂದು, "ತಾತಾ, ಓದಿ ಹೇಳಿ" ಎಂದ. ಓದಿದೆ:

ಕಾರು ಸಮತಟ್ಟಾದ ನೆಲದಲ್ಲಿ, ಚಕ್ರದ ಮೇಲೆ ಭಾರವಿಟ್ಟು ನಿಂತಿರಲಿ. ಜಾಕಿ ಏರಿಸಿ ಮೇಲಿನ ನಟ್ಟು ಬಿಚ್ಚಬೇಡ, ಸ್ಟ್ರಟ್ ಕೆಳಗಿಳಿಯುತ್ತದೆ. ನಡುವಿನ ದೊಡ್ಡ ನಟ್ಟನ್ನು ಮುಟ್ಟಬೇಡ, ಅದು ಒತ್ತಿದ ಸ್ಪ್ರಿಂಗನ್ನು ಹಿಡಿದಿದೆ. ಎಲ್ಲ ನಟ್ಟುಗಳನ್ನೂ ಮೊದಲು ಬೆರಳಿನಿಂದಲೇ ಕೂರಿಸು. ತೂತು ಕೂಡದಿದ್ದರೆ ಬಲವಂತ ಮಾಡಬೇಡ. ಒಂದನ್ನೇ ಪೂರ್ತಿ ಬಿಗಿಯದೆ ಸರದಿಯಂತೆ ಸ್ವಲ್ಪ ಸ್ವಲ್ಪ ಬಿಗಿ. ಪಟ್ಟಿಯ ತುದಿಯ ಬೋಲ್ಟು ಕೊನೆಗೆ. ರೆಂಚ್ ಕ್ಲಿಕ್ ಎಂದೊಡನೆ ಕೈ ನಿಲ್ಲಿಸು. ಬಣ್ಣದ ಗೆರೆ ಎಳೆ, ನಟ್ಟು ಸರಿದರೆ ಕಾಣುತ್ತದೆ. ಕೆಲವು ದಿನ ಓಡಿದ ಮೇಲೆ ಮತ್ತೆ ನೋಡು.

ಮರುವಾರ ಮೊಮ್ಮಗ ಅದನ್ನು ತಾನೇ ಓದಬೇಕೆಂದು ಹಟ ಹಿಡಿದ. ಈಗ ಪ್ರತಿ ಭಾನುವಾರ ಬೆಳಗ್ಗೆ ಅರ್ಧ ಗಂಟೆ ನಮ್ಮ ಮನೆಯಲ್ಲಿ ಕನ್ನಡ ಪಾಠ ನಡೆಯುತ್ತಿದೆ. ಒತ್ತಕ್ಷರಗಳಲ್ಲಿ ಇನ್ನೂ ತಡವರಿಸುತ್ತಾನೆ. ನಾನು ಅವಸರಪಡಿಸುವುದಿಲ್ಲ.

ಸಂಘದ ಬಂಧುಗಳಲ್ಲಿ ಒಂದು ವಿನಂತಿ. ನಮ್ಮಲ್ಲಿ ಅನೇಕರು ಹಬ್ಬಕ್ಕೆ, ಮದುವೆಗೆ ಸಂಸಾರಸಮೇತ ದಿಂಬಂ ಘಾಟಿಯನ್ನು ಹತ್ತಿಳಿಯುವವರು. ಕಾರಿನ ಕೆಲಸ ಮಾಡಿಸಿದಾಗ, "ಈ ನಟ್ಟನ್ನು ಎಷ್ಟಕ್ಕೆ ಬಿಗಿದಿರಿ?" ಎಂದು ತಪ್ಪದೆ ಕೇಳಿ. ಒಂದು ಸಂಖ್ಯೆಯನ್ನು ಹೇಳಿದರೆ ಹಣ ಕೊಟ್ಟು ಬನ್ನಿ. "ಚೆನ್ನಾಗಿ ಬಿಗಿದಿದ್ದೇವೆ" ಎಂದಷ್ಟೇ ಹೇಳಿದರೆ, ಟಾರ್ಕ್ ರೆಂಚ್ ತರಿಸಿ, ನಿಮ್ಮ ಕಣ್ಣೆದುರಿಗೇ ಮತ್ತೊಮ್ಮೆ ನೋಡಿಸಿ.