ಉತ್ತಮ ನಾಗರಿಕನೆಂದರೆ ಯಾರು?

ಪೌರನೀತಿಯ ಪ್ರಶ್ನಪತ್ರಿಕೆಗಳಲ್ಲಿ ಬಹುಕಾಲದಿಂದ ಕಾಣಿಸಿಕೊಳ್ಳುತ್ತ ಬಂದಿರುವ ಪ್ರಶ್ನೆಯೊಂದಿದೆ: "ಉತ್ತಮ ನಾಗರಿಕನ ಲಕ್ಷಣಗಳನ್ನು ವಿವರಿಸಿರಿ." ಕಾನೂನನ್ನು ಪಾಲಿಸುವುದು, ತೆರಿಗೆಯನ್ನು ಸಕಾಲಕ್ಕೆ ಸಲ್ಲಿಸುವುದು, ಅಧಿಕಾರಿಗಳಿಗೆ ನೆರವಾಗುವುದು ಎಂದು ವಿದ್ಯಾರ್ಥಿಗಳು ಬರೆಯುತ್ತಾರೆ, ಅಧ್ಯಾಪಕರು ಅಂಕ ಕೊಡುತ್ತಾರೆ. ಇತಿಹಾಸ ಮತ್ತು ಪೌರನೀತಿಗಳನ್ನು ಬೋಧಿಸುವುದರಲ್ಲಿಯೇ ಆಯುಷ್ಯದ ಬಹುಭಾಗವನ್ನು ಕಳೆದ ನಾನೂ ಅಂಥ ಉತ್ತರಗಳನ್ನು ಸಾವಿರಗಟ್ಟಲೆ ಓದಿದ್ದೇನೆ. ಆದರೆ "ಉತ್ತಮ ನಾಗರಿಕ" ಎಂಬ ಈ ಮಾತು ಒಮ್ಮೆ ಒಂದು ಮಹಾದೇಶದ ಶಾಸನದೊಳಗೇ ಸೇರಿಕೊಂಡು, ಒಳ್ಳೆಯವರೆನಿಸಿಕೊಂಡ ಎಲ್ಲರನ್ನೂ ಕಠಿಣವಾದ ಪರೀಕ್ಷೆಗೆ ಒಡ್ಡಿತು. ಆ ವೃತ್ತಾಂತವನ್ನು ನಮ್ಮ ಶಾಲೆಯ ಬಂಧುಗಳ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಅಮೆರಿಕೆಯ ಸಂಯುಕ್ತ ಸಂಸ್ಥಾನಗಳ ಸಂವಿಧಾನವು 1787ರಲ್ಲಿ ರಚಿತವಾದಾಗ ಅದರಲ್ಲಿ "ಗುಲಾಮ" ಎಂಬ ಶಬ್ದವನ್ನೇ ಬಳಸಲಿಲ್ಲ. ಒಂದು ರಾಜ್ಯದಲ್ಲಿ ದುಡಿಮೆಗೆ ಬದ್ಧನಾದವನು ಇನ್ನೊಂದು ರಾಜ್ಯಕ್ಕೆ ಓಡಿಹೋದರೆ ಅವನನ್ನು ಹಕ್ಕುದಾರನಿಗೆ ಒಪ್ಪಿಸಬೇಕು ಎಂಬ ಸುತ್ತುಬಳಸಿನ ಮಾತು ಅಲ್ಲಿತ್ತು. ಹೆಸರು ಹೇಳಲು ನಾಚಿಕೆಪಟ್ಟ ವಸ್ತುವಿಗೆ ರಕ್ಷಣೆ ಕೊಡಲು ಮಾತ್ರ ಅವರು ನಾಚಲಿಲ್ಲ. 1793ರಲ್ಲಿ ಅಧ್ಯಕ್ಷ ವಾಷಿಂಗ್ಟನ್ನರ ಸಹಿಯೊಡನೆ ಬಂದ ಕಾಯಿದೆಯು ಒಡೆಯನಿಗೆ ಅಥವಾ ಅವನ ಪ್ರತಿನಿಧಿಗೆ ಓಡಿಹೋದವನನ್ನು ಎಲ್ಲಿಯಾದರೂ ಹಿಡಿದು ನ್ಯಾಯಾಧಿಕಾರಿಯ ಮುಂದೆ ನಿಲ್ಲಿಸುವ ಅಧಿಕಾರ ಕೊಟ್ಟಿತು. ಅಡ್ಡಬಂದವನಿಗೆ 500 ಡಾಲರ್ ದಂಡ ವಿಧಿಸಿತು. ಮೂರು ವರ್ಷಗಳಲ್ಲಿ, 1796ರ ಮೇ ತಿಂಗಳಿನಲ್ಲಿ, ಸ್ವತಃ ವಾಷಿಂಗ್ಟನ್ನರ ಫಿಲಡೆಲ್ಫಿಯಾದ ಮನೆಯಿಂದ ಓನಾ ಜಡ್ಜ್ ಎಂಬ ತರುಣಿ ತಪ್ಪಿಸಿಕೊಂಡು ನ್ಯೂ ಹ್ಯಾಂಪ್‌ಶೈರ್ ಸೇರಿದಳು. ಅಧ್ಯಕ್ಷರ ಕಡೆಯ ಪ್ರಯತ್ನಗಳೆಲ್ಲ ವ್ಯರ್ಥವಾದವು. 1848ರಲ್ಲಿ ತೀರಿಕೊಳ್ಳುವವರೆಗೂ ಆಕೆ ಕಾನೂನಿನ ಕಣ್ಣಿನಲ್ಲಿ ಓಡಿಬಂದ ಗುಲಾಮಳಾಗಿಯೇ, ತನ್ನ ಕಣ್ಣಿನಲ್ಲಿ ಸ್ವತಂತ್ರಳಾಗಿಯೇ ಬದುಕಿದಳು.

ಉತ್ತರದ ಕೆಲವು ರಾಜ್ಯಗಳು ತಮ್ಮ ನೆಲದ ಮೇಲೆ ಇಂಥ ಬೇಟೆ ನಡೆಯದಂತೆ ಕಾಯಿದೆಗಳನ್ನು ಮಾಡಿಕೊಂಡವು. 1842ರಲ್ಲಿ ಪ್ರಿಗ್ ಎಂಬವನ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಪೆನ್ಸಿಲ್ವೇನಿಯಾದ ಅಂಥ ಕಾಯಿದೆಯನ್ನು ತಳ್ಳಿಹಾಕಿತಾದರೂ, ಆ ತೀರ್ಪಿನಲ್ಲಿ ಕೇಂದ್ರದ ಈ ಕೆಲಸಕ್ಕೆ ರಾಜ್ಯದ ಅಧಿಕಾರಿಗಳನ್ನು ಒತ್ತಾಯಿಸಲಾಗದು ಎಂಬ ಮಾತೂ ಸೇರಿತ್ತು. ಮರುವರ್ಷವೇ ಮ್ಯಾಸಚೂಸೆಟ್ಸ್ ರಾಜ್ಯವು ತನ್ನ ಅಧಿಕಾರಿಗಳು ಈ ಕಾರ್ಯದಲ್ಲಿ ಕೈಹಾಕಕೂಡದೆಂದು ವಿಧಿಸಿತು. ಹಿಡಿಯುವ ಕೈಗಳೇ ಹಿಂದೆ ಸರಿದಾಗ ದಕ್ಷಿಣದ ಒಡೆಯರು ಇನ್ನೂ ಕಠೋರವಾದ ಶಾಸನವನ್ನು ಬೇಡಿದರು.

ಅದು 1850ರ ಸೆಪ್ಟೆಂಬರ್ 18ರಂದು ಜಾರಿಗೆ ಬಂದಿತು. ಹಿಡಿಯಲ್ಪಟ್ಟವನು ತನ್ನ ಪರವಾಗಿ ಸಾಕ್ಷಿ ನುಡಿಯುವಂತಿಲ್ಲ; ಜ್ಯೂರಿಯ ವಿಚಾರಣೆಯಿಲ್ಲ. ತೀರ್ಮಾನ ಮಾಡುವ ಕಮಿಷನರನು ಒಡೆಯನಿಗೆ ಒಪ್ಪಿಸಿದರೆ ಅವನಿಗೆ 10 ಡಾಲರ್ ಶುಲ್ಕ, ಬಿಡುಗಡೆ ಮಾಡಿದರೆ 5 ಡಾಲರ್. ಆಶ್ರಯ ಕೊಟ್ಟವನಿಗೆ 1000 ಡಾಲರಿನವರೆಗೆ ದಂಡ, ಆರು ತಿಂಗಳವರೆಗೆ ಸೆರೆಮನೆ. ಇವೆಲ್ಲಕ್ಕಿಂತ ಗಮನಾರ್ಹವಾದುದು ಇನ್ನೊಂದು ವಿಧಿ: ಅಧಿಕಾರಿಯು ಕರೆದಾಗ ಉತ್ತಮ ನಾಗರಿಕರೆಲ್ಲರೂ ಹಿಡಿಯುವ ಕಾರ್ಯಕ್ಕೆ ನೆರವಾಗತಕ್ಕದ್ದು ಎಂದು ಅದು ಆಜ್ಞಾಪಿಸಿತು. ಅಲ್ಲಿಯವರೆಗೆ ಗುಲಾಮಗಿರಿಯು ತನಗೆ ಸಂಬಂಧಿಸಿದ್ದಲ್ಲವೆಂದು ಸುಮ್ಮನಿದ್ದ ರೈತ, ಅಂಗಡಿಕಾರ, ಅಧ್ಯಾಪಕ ಇವರೆಲ್ಲರ ಬಾಗಿಲಿಗೆ ಆ ಶಾಸನ ಬಂದು ನಿಂತಿತು.

ತರಗತಿಯಲ್ಲಿ ಈ ಭಾಗವನ್ನು ವಿವರಿಸುತ್ತಿದ್ದಾಗ ಒಬ್ಬ ಹುಡುಗ ಎದ್ದುನಿಂತು ಕೇಳಿದ: "ಗುರುಗಳೆ, ಹಿಡಿದುಕೊಟ್ಟವನು ಕಾನೂನಿನಂತೆ ನಡೆದ, ಬಿಡಿಸಿದವನು ಕಾನೂನು ಮುರಿದ. ಇವರಿಬ್ಬರಲ್ಲಿ ಉತ್ತಮ ನಾಗರಿಕ ಯಾರೆಂದು ಬರೆಯಬೇಕು?" ತರಗತಿಯೇ ನಿಶ್ಶಬ್ದವಾಯಿತು. ನಾನು ಅವನಿಗೆ ನೇರವಾದ ಉತ್ತರ ಕೊಡದೆ ಒಹಾಯೊ ರಾಜ್ಯದ ಓಬರ್ಲಿನ್ ಎಂಬ ಊರಿನ ಕತೆಯನ್ನು ಹೇಳಿದೆ.

ಆ ಊರಿನ ವಿದ್ಯಾಸಂಸ್ಥೆ ಆರಂಭದ ದಿನಗಳಲ್ಲಿ ಬಡತನದಲ್ಲಿತ್ತು. ಕಪ್ಪು ವರ್ಣದ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಬೇಕೇ ಎಂಬ ವಿಷಯ 1835ರಲ್ಲಿ ಆಡಳಿತ ಮಂಡಲಿಯ ಮುಂದೆ ಬಂದಾಗ ಮತಗಳು ಸಮನಾಗಿ ಒಡೆದವು. ಸಭಾಪತಿ ಜಾನ್ ಕೀಪ್ ಅವರ ಒಂದು ಮತದಿಂದ ಬಾಗಿಲು ತೆರೆಯಿತು. ಹಾಗೆ ತೆರೆಯಬೇಕೆಂದು ಬಯಸಿ ಧನಸಹಾಯ ನೀಡಿದವರು ನ್ಯೂಯಾರ್ಕಿನ ವರ್ತಕರಾದ ಟ್ಯಾಪನ್ ಸಹೋದರರು. ಮೊದಲು ಪ್ರವೇಶ ಪಡೆದ ಕಪ್ಪು ವಿದ್ಯಾರ್ಥಿಗಳಲ್ಲಿ ಚಾರ್ಲ್ಸ್ ಲ್ಯಾಂಗ್‌ಸ್ಟನ್ ಒಬ್ಬರು.

ಇಪ್ಪತ್ತಮೂರು ವರ್ಷಗಳು ಸಂದವು. ಕೆಂಟಕಿಯಿಂದ ಓಡಿಬಂದಿದ್ದ ಜಾನ್ ಪ್ರೈಸ್ ಎಂಬ ತರುಣ ಓಬರ್ಲಿನ್ನಿನಲ್ಲಿ ನೆಲೆಸಿದ್ದ. 1858ರ ಸೆಪ್ಟೆಂಬರ್ 13ರಂದು ನೆರೆಯ ರೈತನೊಬ್ಬನ ಮಗ, ಇನ್ನೂ ಎಳೆಯ ಹುಡುಗ, ಆಲೂಗಡ್ಡೆ ಅಗೆಯುವ ಕೆಲಸವಿದೆಯೆಂದು ನಂಬಿಸಿ ಅವನನ್ನು ಊರಾಚೆ ಕರೆದೊಯ್ದು ಹಿಡಿಯುವವರ ಕೈಗೆ ಕೊಟ್ಟ. ಅದಕ್ಕಾಗಿ ಹುಡುಗನಿಗೆ ದೊರೆತದ್ದು 20 ಡಾಲರ್. ಹಿಡಿದವರು ರೈಲು ಹತ್ತಿಸಲೆಂದು ಪ್ರೈಸನನ್ನು ವೆಲಿಂಗ್ಟನ್ ಊರಿಗೆ ಒಯ್ಯುತ್ತಿದ್ದಾಗ ಗಾಡಿಯೊಳಗಿನ ಅವನ ಕೂಗು ಎದುರಿಗೆ ಬರುತ್ತಿದ್ದ ಆನ್ಸೆಲ್ ಲೈಮನ್ ಎಂಬ ವಿದ್ಯಾರ್ಥಿಯ ಕಿವಿಗೆ ಬಿತ್ತು. ಲೈಮನ್ ಓಬರ್ಲಿನ್ನಿಗೆ ಸುದ್ದಿ ಮುಟ್ಟಿಸಿದ. ಕುದುರೆ, ಗಾಡಿ, ಕಾಲ್ನಡಿಗೆ ಎನ್ನದೆ ಬಿಳಿಯರೂ ಕರಿಯರೂ ವೆಲಿಂಗ್ಟನ್ನಿಗೆ ಧಾವಿಸಿ ಹೋಟೆಲನ್ನು ಸುತ್ತುವರಿದರು. ಒಳನುಗ್ಗಿ ಪ್ರೈಸನನ್ನು ಬಿಡಿಸಿ ತಂದರು. ಅಧ್ಯಾಪಕ ಜೇಮ್ಸ್ ಫೇರ್‌ಚೈಲ್ಡ್ ಅವನನ್ನು ತಮ್ಮ ಮನೆಯಲ್ಲಿ ಬಚ್ಚಿಟ್ಟರು. ಮುಂದೆ ಅದೇ ಸಂಸ್ಥೆಯ ಅಧ್ಯಕ್ಷರಾದವರು ಅವರು. ಕೆಲವು ದಿನಗಳ ನಂತರ ಪ್ರೈಸ್ ಕೆನಡಾ ಸೇರಿದ.

ಸರಕಾರವು 37 ಮಂದಿಯ ಮೇಲೆ ಆರೋಪ ಹೊರಿಸಿತು. ಅವರಲ್ಲಿ ಪ್ರಾಧ್ಯಾಪಕ ಹೆನ್ರಿ ಪೆಕ್, ಪುಸ್ತಕ ವ್ಯಾಪಾರಿ ಜೇಮ್ಸ್ ಫಿಚ್, ವಿದ್ಯಾರ್ಥಿಗಳು ಎಲ್ಲರೂ ಇದ್ದರು. ಹಲವರು ಜಾಮೀನು ಕೊಡಲೊಪ್ಪದೆ ಕ್ಲೀವ್‌ಲ್ಯಾಂಡಿನ ಸೆರೆಮನೆಯಲ್ಲಿ ಉಳಿದರು. ಅಲ್ಲಿಯೇ ಒಂದು ಪತ್ರಿಕೆಯನ್ನೂ ಅಚ್ಚು ಹಾಕಿದರು. ಫಿಚ್ ಅವರು ನಡೆಸುತ್ತಿದ್ದ ಭಾನುವಾರದ ಶಾಲೆಯ ನೂರಾರು ಮಕ್ಕಳು ತಮ್ಮ ಗುರುವನ್ನು ಕಾಣಲು ಸೆರೆಮನೆಗೆ ಬಂದರು. ವಿಚಾರಣೆ ನಡೆದು ಶಿಕ್ಷೆಯಾದದ್ದು ಇಬ್ಬರಿಗೆ ಮಾತ್ರ. ಅಂಗಡಿಯ ಗುಮಾಸ್ತ ಸೈಮಿಯನ್ ಬುಶ್ನೆಲ್ಲನಿಗೆ 60 ದಿನಗಳ ಸೆರೆ, 600 ಡಾಲರ್ ದಂಡ. ಇನ್ನೊಬ್ಬರು ಚಾರ್ಲ್ಸ್ ಲ್ಯಾಂಗ್‌ಸ್ಟನ್. ನ್ಯಾಯಾಧೀಶರು ಹೇಳುವುದೇನಾದರೂ ಇದೆಯೇ ಎಂದು ಕೇಳಿದಾಗ ಅವರು ದೀರ್ಘವಾಗಿ ಮಾತನಾಡಿ, ತಮ್ಮ ಬಣ್ಣದವನಿಗೆ ಈ ನ್ಯಾಯಾಲಯದಲ್ಲಿ ನ್ಯಾಯ ಸಿಗದೆಂದು ತೋರಿಸಿದರು. ನಾಳೆ ತಮ್ಮನ್ನೇ ಗುಲಾಮನೆಂದು ಹಿಡಿದರೆ ನೆರೆಹೊರೆಯವರಿಂದ ತಾವು ನಿರೀಕ್ಷಿಸುವ ಸಹಾಯವನ್ನೇ ತಾವು ಮಾಡಿದುದಾಗಿ ಹೇಳಿದರು. ಅವರಿಗಾದ ಶಿಕ್ಷೆ 20 ದಿನ ಮತ್ತು 100 ಡಾಲರಿಗೆ ಇಳಿಯಿತು.

ಈ ಕತೆಯನ್ನು ಅಧ್ಯಾಪಕರ ಕೊಠಡಿಯಲ್ಲಿ ಹೇಳಿದಾಗ ಹಿರಿಯ ಮಿತ್ರರೊಬ್ಬರು ಆಕ್ಷೇಪಿಸಿದರು: "ಪ್ರತಿಯೊಬ್ಬನೂ ತನ್ನ ಮನಸ್ಸಾಕ್ಷಿಯನ್ನೇ ಕಾನೂನೆಂದು ತಿಳಿದರೆ ಸಮಾಜ ನಿಂತೀತೇ? ಇದನ್ನು ಮಕ್ಕಳಿಗೆ ಹೇಳಬಹುದೇ?" ಆಕ್ಷೇಪ ಹಗುರವಾದುದಲ್ಲ. ಪ್ರತಿಭಟಿಸಿದವರೆಲ್ಲರ ಮಾರ್ಗವೂ ಒಂದೇ ಆಗಿರಲಿಲ್ಲ. 1851ರಲ್ಲಿ ಪೆನ್ಸಿಲ್ವೇನಿಯಾದ ಕ್ರಿಸ್ಟಿಯಾನಾದಲ್ಲಿ ಕಪ್ಪು ಜನರು ಆಯುಧ ಹಿಡಿದು ಎದುರಿಸಿದಾಗ ಹಿಡಿಯಲು ಬಂದ ಒಡೆಯನೇ ಹತನಾದ. 1854ರಲ್ಲಿ ಬಾಸ್ಟನ್ ನಗರದಲ್ಲಿ ಆಂಥನಿ ಬರ್ನ್ಸ್‌ನನ್ನು ಬಿಡಿಸಲು ನುಗ್ಗಿದ ಜನರ ಗಲಭೆಯಲ್ಲಿ ಕಾವಲುಗಾರನೊಬ್ಬ ಸತ್ತ. ಬರ್ನ್ಸ್‌ನನ್ನು ಸೈನ್ಯದ ಕಾವಲಿನಲ್ಲಿ ಹಡಗಿಗೆ ಒಯ್ದರು. ಅದೇ ವರ್ಷ ಜುಲೈ 4ರಂದು ಥೋರೋ ಆ ಅನ್ಯಾಯವನ್ನು ಖಂಡಿಸಿ ಭಾಷಣ ಮಾಡಿದರು. ಕಾನೂನುಭಂಗವನ್ನು ಕುರಿತ ಅವರ ಹಿಂದಿನ ಪ್ರಬಂಧದ ಸಾರವನ್ನು ಗಾಂಧೀಜಿಯವರು 1907ರಲ್ಲಿ ದಕ್ಷಿಣ ಆಫ್ರಿಕದಲ್ಲಿ ತಮ್ಮ ಪತ್ರಿಕೆಯ ಓದುಗರಿಗೆ ಕೊಟ್ಟರು. 1930ರಲ್ಲಿ ಗಾಂಧೀಜಿಯವರ ಕರೆಗೆ ಓಗೊಟ್ಟು ಅಂಕೋಲೆಯ ಕಡಲತೀರದಲ್ಲಿ ಉಪ್ಪು ಎತ್ತಿದ ನಮ್ಮ ಹಿರಿಯರು ಕಾನೂನು ಮುರಿದೂ ಉತ್ತಮ ನಾಗರಿಕರೇ ಆಗಿದ್ದರೆಂಬುದನ್ನು ಮಿತ್ರರಿಗೆ ನೆನಪಿಸಿದೆ.

ಅದರ ಜೊತೆಗೆ ನಾನು ಹೇಳಿದ್ದಿಷ್ಟು: ಕಾನೂನಿಗೆ ಗೌರವ ಸಲ್ಲುವುದು ಅದು ಎಲ್ಲರ ಮಾತನ್ನೂ ಕೇಳುತ್ತದೆಂಬ ಕಾರಣಕ್ಕೆ. ಹಿಡಿದವನ ಬಾಯಿ ಕಟ್ಟಿ, ತೀರ್ಪುಗಾರನ ಮುಂದೆ ಹೆಚ್ಚಿನ ಶುಲ್ಕದ ಆಸೆಯನ್ನು ಇಟ್ಟ ಶಾಸನವು ಆ ಗೌರವವನ್ನು ತಾನೇ ಕಳೆದುಕೊಂಡಿತ್ತು. ಮಿತ್ರರು ಪೂರ್ಣವಾಗಿ ಒಪ್ಪಲಿಲ್ಲ. ಆದರೆ ಮಕ್ಕಳಿಗೆ ಹೇಳಬಾರದೆಂಬ ಮಾತನ್ನು ಮತ್ತೆ ಎತ್ತಲಿಲ್ಲ.

1864ರ ಜೂನ್ 28ರಂದು ಅಮೆರಿಕೆಯ ಕಾಂಗ್ರೆಸ್ಸು ಆ ಎರಡೂ ಕಾಯಿದೆಗಳನ್ನು ರದ್ದುಮಾಡಿತು. ಮರುವರ್ಷ ಸಂವಿಧಾನದ 13ನೆಯ ತಿದ್ದುಪಡಿಯಿಂದ ಗುಲಾಮಗಿರಿಯೇ ಕೊನೆಗೊಂಡಿತು. ಅದಕ್ಕೆ ಘೋರವಾದ ಅಂತರ್ಯುದ್ಧವೇ ಬೇಕಾಯಿತೆಂಬುದು ನಿಜ. ಆದರೆ ಯುದ್ಧಕ್ಕಿಂತ ಮೊದಲೇ ಆ ಶಾಸನವು ಸೋಲತೊಡಗಿದ್ದು, ಅದು ಕೇಳಿದ ಸಾಮಾನ್ಯರ ಕೈಗಳು ಅದಕ್ಕೆ ದೊರೆಯದೆ ಹೋದ ಊರುಗಳಲ್ಲಿ.

ಆ ಸೆಪ್ಟೆಂಬರ್ ದಿನ ಓಬರ್ಲಿನ್ನಿನ ಹೊರದಾರಿಗಳಲ್ಲಿ ಇಬ್ಬರು ಎಳೆಯರಿದ್ದರು. ಒಬ್ಬ 20 ಡಾಲರಿಗೆ ಮನುಷ್ಯನೊಬ್ಬನನ್ನು ಒಪ್ಪಿಸಿದ. ಇನ್ನೊಬ್ಬ ಒಂದು ಕೂಗನ್ನು ಕೇಳಿ ಊರನ್ನೇ ಎಬ್ಬಿಸಿದ. ಕಾಯಿದೆಯ ಪುಸ್ತಕದಂತೆ ಉತ್ತಮ ನಾಗರಿಕ ಮೊದಲನೆಯವನು. ಎರಡನೆಯವನ ಮಾತಿಗೆ ಊರು ಎದ್ದುಬಂದದ್ದು ಒಂದೇ ಮಧ್ಯಾಹ್ನದ ಆವೇಶದಿಂದಲ್ಲ. ಇಪ್ಪತ್ತಮೂರು ವರ್ಷಗಳ ಹಿಂದೆ ಒಂದು ಮತದಿಂದ, ದಾನಿಗಳ ಹಣದಿಂದ, ಒಂದೇ ಹಲಗೆಯ ಮೇಲೆ ಜೊತೆಯಾಗಿ ಕುಳಿತು ಕಲಿತ ಮಕ್ಕಳಿಂದ ಅದು ಸಿದ್ಧವಾಗುತ್ತ ಬಂದಿತ್ತು. ಶಾಲೆಗೆ ಕೊಟ್ಟ ಹಣವಾಗಲಿ, ತರಗತಿಯಲ್ಲಿ ಕಳೆದ ಗಂಟೆಯಾಗಲಿ ಎಂದು ಫಲ ಕೊಡುವುದೆಂಬುದನ್ನು ಯಾವ ವಾರ್ಷಿಕ ವರದಿಯೂ ಹೇಳಲಾರದು. ಪ್ರಶ್ನೆ ಕೇಳಿದ ಆ ಹುಡುಗನಿಗೆ ಪಠ್ಯದಲ್ಲಿದ್ದ ಲಕ್ಷಣಗಳನ್ನೆಲ್ಲ ಬರೆಯಲು ಹೇಳಿದೆ. ಅವುಗಳ ಕೆಳಗೆ, ದಾರಿಯಲ್ಲಿ ಕೇಳಿದ ಕೂಗಿಗೆ ಕಿವಿಮುಚ್ಚದವನು ಎಂಬ ಇನ್ನೊಂದು ಲಕ್ಷಣವನ್ನೂ ಸೇರಿಸುವಂತೆ ಹೇಳಿದೆ.