ಷರಾ

ನನ್ನ ತವರು ತಿಪಟೂರಿನ ಕಡೆಯ ಒಂದು ಹಳ್ಳಿ. ಮನೆಗೂ ತೋಟಕ್ಕೂ ಒಂದೂವರೆ ಮೈಲಿ. ತ್ರೀಫೇಸ್ ಕರೆಂಟು ಹೆಸರಿಗೆ ದಿನಕ್ಕೆ ಏಳು ಗಂಟೆ. ಯಾವ ಹೊತ್ತಿಗೆ ಬರುತ್ತದೆಂದು ದೇವರೇ ಬಲ್ಲ. ನನ್ನ ತಮ್ಮ ರಾತ್ರಿ ಎರಡು ಗಂಟೆಗೆ ಎದ್ದು ಬ್ಯಾಟರಿ ಹಿಡಿದು ಹಾವು ಚೇಳುಗಳ ನಡುವೆ ಪಂಪ್‌ಸೆಟ್ ಹಾಕಲು ಹೋಗುತ್ತಿದ್ದ. ಅವನು ಹಿಂತಿರುಗುವ ತನಕ ಅವನ ಹೆಂಡತಿಗೆ ನಿದ್ದೆಯಿಲ್ಲ.

2018ರಲ್ಲಿ ಅವನು ಮೊಬೈಲ್ ಸ್ಟಾರ್ಟರ್ ತಂದ. ಒಳಗೆ ಸಿಮ್ ಇರುವ ಒಂದು ಡಬ್ಬಿ. ಕರೆಂಟು ಬಂದರೆ ಅದೇ ಫೋನು ಮಾಡಿ ತಿಳಿಸುತ್ತದೆ, ಮಲಗಿದಲ್ಲಿಂದಲೇ ಗುಂಡಿ ಒತ್ತಿದರೆ ತೋಟದ ಮೋಟಾರು ಓಡುತ್ತದೆ.

ಈ ಸುಖ ಎರಡೇ ವಾರ. 350 ವೋಲ್ಟಿಗಿಂತ ಕಡಿಮೆಯಿದ್ದರೆ ಮೋಟಾರು ಓಡಬಾರದು ಎಂದು ಕಾರ್ಖಾನೆಯವರು ಗೆರೆ ಹಾಕಿ ಕಳಿಸಿದ್ದರು. ನಮ್ಮದು ಲೈನಿನ ಕೊನೆ. 415 ಇರಬೇಕಾದ ಕಡೆ 340 ಬಂದರೆ ಪುಣ್ಯ. ಅವರು ಊರೂರಿಗೆಲ್ಲ ಒಂದೇ ಅಳತೆಯ ರವಿಕೆ ಹೊಲಿದಿದ್ದರೆನ್ನಿ. ಪೇಟೆಯ ಮೆಕ್ಯಾನಿಕ್ ಹುಡುಗ ಬಂದು ಆ ಗೆರೆಯನ್ನೇ ತೆಗೆದುಹಾಕಿದ. ನೀರಿಲ್ಲದಾಗ ಮೋಟಾರು ನಿಲ್ಲಿಸುವ ಕಾವಲೂ ಸುಮ್ಮಸುಮ್ಮನೆ ಅಡ್ಡ ಬರುತ್ತದೆಂದು ಅದನ್ನೂ ತೆಗೆದ. ಎಲ್ಲೂ ಬರೆದಿಡಲಿಲ್ಲ. ಆಮೇಲೆ ಅವನು ಊರು ಬಿಟ್ಟ.

2019ರ ಬೇಸಿಗೆಯಲ್ಲಿ ಒಂದು ರಾತ್ರಿ ಬೋರು ಬತ್ತಿತು. ಮೊದಲಾದರೆ ನೀರು ಬೀಳುವ ಸದ್ದಿನಲ್ಲೇ ತಮ್ಮನಿಗೆ ಗೊತ್ತಾಗುತ್ತಿತ್ತು. ಈಗ ಅವನು ಮನೆಯಲ್ಲಿ ಮಲಗಿದ್ದ, ಮೋಟಾರು ಬೆಳಗಿನ ತನಕ ಒಣಗಿ ಓಡಿ ಸುಟ್ಟಿತು. ಆ ವರ್ಷದ ಕೊಬ್ಬರಿ ದುಡ್ಡಿನ ದೊಡ್ಡ ಪಾಲು ಅದಕ್ಕೇ ಹೋಯಿತು. ಕಂಪನಿಗೆ ಫೋನು ಮಾಡಿದರೆ, "ನಮ್ಮ ಸೆಟ್ಟಿಂಗ್ ಮುಟ್ಟಿದವರನ್ನೇ ಕೇಳಿ" ಎಂದರಂತೆ. ತಮ್ಮ ಡಬ್ಬಿಯನ್ನು ಕಿತ್ತು ಅಟ್ಟಕ್ಕೆ ಎಸೆದ. ಅವನ ಹೆಂಡತಿ ನನಗೆ ಫೋನಿನಲ್ಲಿ ಅತ್ತಳು: "ಅಕ್ಕಾ, ಇವರು ಮತ್ತೆ ರಾತ್ರಿ ಹೋಗ್ತಿದ್ದಾರೆ."

ನನ್ನ ಮಗಳು ಬೆಂಗಳೂರಿನಲ್ಲಿ ಮಾಡುವುದೂ ಇಂಥದೇ ಕೆಲಸ. ದೂರದೂರದ ಪಂಪ್‌ಹೌಸು, ಐಸ್ ಕಾರ್ಖಾನೆಗಳ ಯಂತ್ರಗಳನ್ನು ಕಂಪ್ಯೂಟರಿಗೆ ಜೋಡಿಸುವುದು. "ಎಲ್ಲ ಯಂತ್ರಕ್ಕೂ ಒಂದೇ ನಿಯಮ ಮಾಡಬಾರದೇನೇ?" ಎಂದು ಕೇಳಿದೆ.

"ಮಾಡಿದ್ದಾರಮ್ಮ. ಮಾಡ್‌ಬಸ್ ಅಂತ. ಮಾಡಿಕಾನ್ ಎಂಬ ಅಮೆರಿಕದ ಕಂಪನಿ 1979ರಲ್ಲಿ ಮಾಡಿದ್ದು, ಇವತ್ತಿಗೂ ನಡೀತಿದೆ. ಯಂತ್ರದ ಒಳಗೆ ನಂಬರು ಹಾಕಿದ ಗೂಡುಗಳಿರ್ತವೆ. ಇಷ್ಟನೇ ಗೂಡಿನಲ್ಲಿ ಏನಿದೆ ಅಂತ ಹೇಗೆ ಕೇಳಬೇಕು, ಹೇಗೆ ಉತ್ತರ ಕೊಡಬೇಕು ಅನ್ನೋದು ಎಲ್ಲರಿಗೂ ಒಂದೇ. ಆದರೆ ಯಾವ ಗೂಡಿನಲ್ಲಿ ಏನಿಡಬೇಕು ಅನ್ನೋದು ಮಾಡಿದವರ ಇಷ್ಟ. ಒಬ್ಬರು ವೋಲ್ಟೇಜನ್ನು 415 ಅಂತ ಇಟ್ಟರೆ ಇನ್ನೊಬ್ಬರು 4150 ಅಂತಿಟ್ಟು ಹತ್ತರಿಂದ ಭಾಗಿಸಿಕೊಳ್ಳಿ ಅಂತಾರೆ."

"ಅದನ್ನೂ ಒಂದೇ ಮಾಡಿಬಿಟ್ಟರೆ?"

"ಐಸ್ ಕಾರ್ಖಾನೆಗೂ ಮಾವನ ಮೋಟಾರಿಗೂ ಒಂದೇ ಪಟ್ಟಿ ಅಂದ್ರೆ ಅರ್ಧ ಗೂಡು ಖಾಲಿ, ಬೇಕಾದ್ದಕ್ಕೆ ಗೂಡೇ ಇಲ್ಲ. ಹಾಗಂತ ಒಂದೊಂದಕ್ಕೂ ಬೇರೆ ಬೇರೆ ಪ್ರೋಗ್ರಾಂ ಬರೆದುಕೊಟ್ಟರೆ, ಬರೆದವನು ಕೆಲಸ ಬಿಟ್ಟ ದಿನ ಮುಗೀತು. ಅದಕ್ಕೇ ನಾವು ಡಬ್ಬಿ, ಪ್ರೋಗ್ರಾಂ ಎಲ್ಲ ಒಂದೇ ಇಟ್ಟು, ಯಂತ್ರಕ್ಕೊಂದು ಹಾಳೆ ಮಾತ್ರ ಬೇರೆ ಇಡ್ತೀವಿ. ನಿನ್ನ ರಿಜಿಸ್ಟರಿನಲ್ಲಿ ಷರಾ ಅಂತ ಇರುತ್ತಲ್ಲ, ಹಾಗೆ."

ಆ ಮಾತು ನನಗೆ ಚುಚ್ಚಿತು. ಅವಳಿಗೆ ಗೊತ್ತಿರಲಿಲ್ಲ. ನಮ್ಮ ರಿಜಿಸ್ಟರಿನ ಕಾಲಂಗಳೆಲ್ಲ ಅಚ್ಚಾದವು, ಎಲ್ಲ ಮಕ್ಕಳಿಗೂ ಒಂದೇ. ಕೊನೆಯ ಷರಾ ಕಾಲಂ ಮಾತ್ರ ಖಾಲಿ. ನಾವು ಅದನ್ನು ಖಾಲಿಯಾಗಿಯೇ ಮುಂದಿನವರಿಗೆ ಕೊಡುತ್ತೇವೆ. ಬಹಳ ವರ್ಷದ ಹಿಂದೆ ಒಬ್ಬ ಹುಡುಗ ಕರೆದರೆ ತಿರುಗುತ್ತಿರಲಿಲ್ಲ. ಉಡಾಫೆಯವನೆಂದು ಮೂರು ತಿಂಗಳು ಬೈದೆ, ಒಮ್ಮೆ ಬೆಂಚಿನ ಮೇಲೆ ನಿಲ್ಲಿಸಿದೆ. ಅವನಿಗೆ ಎಡಗಿವಿ ಕೇಳಿಸುತ್ತಿರಲಿಲ್ಲ. ಹಿಂದಿನ ಮೇಷ್ಟರಿಗೆ ಅದು ಗೊತ್ತಿತ್ತು, ವರ್ಗವಾಗಿ ಹೋಗುವಾಗ ಬರೆದಿರಲಿಲ್ಲ, ಅಷ್ಟೆ. ಅವರನ್ನು ದೂರಿ ಏನು ಫಲ? ನಾನೂ ಅಲ್ಲಿಯವರೆಗೆ ಒಬ್ಬ ಮಗುವಿನ ಬಗ್ಗೆಯೂ ಬರೆದವಳಲ್ಲ.

ಮುಂದಿನ ಭಾನುವಾರ ತಾಯಿ ಮಗಳು ಇಬ್ಬರೂ ಊರಿಗೆ ಹೋದೆವು. ಅವಳು ಅಟ್ಟದಿಂದ ಡಬ್ಬಿ ಇಳಿಸಿ ಎರಡು ರಾತ್ರಿ ಕೂತು ವೋಲ್ಟೇಜು ಅಳೆದಳು. ವೋಲ್ಟೇಜು ಇಳಿದರೆ ಮೋಟಾರು ಹೆಚ್ಚು ಆಂಪ್ಸ್ ಎಳೆಯುತ್ತದಂತೆ; ಹಾಗಾಗಿ 350ರ ಗೆರೆಯನ್ನು ಸ್ವಲ್ಪವೇ ಇಳಿಸಿ, ಆಂಪ್ಸಿನ ಮಿತಿಯನ್ನು ಬಿಗಿ ಮಾಡಿದಳು. ನೀರಿಲ್ಲದ ಮೋಟಾರು ಕಡಿಮೆ ಆಂಪ್ಸ್ ಎಳೆಯುತ್ತದೆ, ಡಬ್ಬಿ ಅದನ್ನು ನೋಡಿಯೇ ನಿಲ್ಲಿಸುವುದು. ಕಾರ್ಖಾನೆಯ ಲೆಕ್ಕ ಏಳೂವರೆ ಎಚ್‌ಪಿಯದು, ನಮ್ಮದು ಐದರದು. ನೀರಿದ್ದರೂ ಅದು ಅಡ್ಡ ಬರುತ್ತಿದ್ದುದು ಇದಕ್ಕೇ! ಕಾವಲನ್ನು ನಮ್ಮ ಲೆಕ್ಕಕ್ಕೆ ತಿದ್ದಿ ಮತ್ತೆ ಹಾಕಿದಳು.

ತಮ್ಮ ದೂರ ನಿಂತು, "ಇನ್ನೊಂದು ಸಲ ಸುಟ್ಟರೆ ನಿನ್ನ ಸಂಬಳದಲ್ಲಿ ಹಿಡ್ಕೋತೀನಿ" ಎಂದ. ಅವಳು ನಕ್ಕು ನನ್ನ ಕಡೆ ಕೈಚಾಚಿ ಒಂದು ನೋಟ್‌ಬುಕ್ ಕೇಳಿದಳು. ನನ್ನ ಚೀಲದಲ್ಲಿ ಅದಕ್ಕೇನು ಬರವೆ? ತಾರೀಖು, ಯಾರು, ಏನು ಬದಲಾಯಿಸಿದರು, ಷರಾ ಎಂದು ನಾನೇ ಗೆರೆ ಎಳೆದೆ. ಪಂಪ್‌ಹೌಸಿನ ಮೊಳೆಗೆ ದಾರ ಕಟ್ಟಿ ತೂಗುಹಾಕಿದೆವು.

ಹೋದ ದೀಪಾವಳಿಗೆ ಊರಿಗೆ ಹೋದಾಗ ತೆಗೆದು ನೋಡಿದೆ. ನೋಟ್‌ಬುಕ್ಕು ಅಲ್ಲೇ ಇತ್ತು, ಅಂಚು ಗೆದ್ದಲು ತಿಂದಿತ್ತು. ಎಲ್ಲ ಸಾಲೂ ತಮ್ಮನ ಕೈಬರಹದವಲ್ಲ. ಕೊನೆಯದು ಅವನ ಹೆಂಡತಿ ಪೆನ್ಸಿಲಿನಲ್ಲಿ ಬರೆದದ್ದು: "ಸಿಮ್ ಬದಲಾಯಿಸಿದೆ. ಷರಾ: ಹಳೇ ಸಿಮ್ಮಿಗೆ ಇಲ್ಲಿ ಸಿಗ್ನಲ್ ಇಲ್ಲ."