ಮಾಗಿಯ ಹೂವಿಗೆ ಕತ್ತಲೆ ಬೇಕು

ಧನುರ್ಮಾಸದ ಬೆಳಗಿನಲ್ಲಿ ಶಾಲು ಹೊದ್ದು ಮೈಸೂರಿನ ದೇವರಾಜ ಮಾರುಕಟ್ಟೆಗೆ ಒಮ್ಮೆ ಬಂದು ನೋಡಿ. ಹೂವಿನವರ ಮುಂದೆ ಸೇವಂತಿಗೆ, ಚೆಂಡುಹೂ, ಕನಕಾಂಬರಗಳ ರಾಶಿ. ಊರಿಗೇ ಹೆಸರು ತಂದ ಮಲ್ಲಿಗೆ ಮಾತ್ರ ಆಗ ಬಲು ತುಟ್ಟಿ. ಮಲ್ಲಿಗೆಗೆ ಬಿಸಿಲು ಬೇಕು. ಚಳಿ ಬಿತ್ತೆಂದರೆ ಮೊಗ್ಗು ಕಡಿಮೆ.

ನಮ್ಮ ಚಳಿಯ ಮಾತೆತ್ತಿದರೆ ಟೊರಾಂಟೊದಲ್ಲಿರುವ ನಾದಿನಿ ನಗುತ್ತಾಳೆ. ಅಲ್ಲಿ ಹಿಮ ಬಿದ್ದ ಮೇಲೆ ತೋಟದಲ್ಲಿ ಹೂವಿನ ಮಾತೇ ಇಲ್ಲ. ಕೆಂಪು ಕಡ್ಡಿಯ ಡಾಗ್‌ವುಡ್ ಪೊದೆ, ಬಿಳಿ ತೊಗಟೆಯ ಬರ್ಚ್ ಮರ, ಸದಾ ಹಸಿರಾದ ಪೈನ್, ಇವನ್ನೇ ಚಳಿಗಾಲದಲ್ಲಿ ಕಣ್ಣಿಗೆ ತಂಪೆಂದು ನೆಡುತ್ತಾರಂತೆ. ನಮಗೆ ಆ ಕಷ್ಟವಿಲ್ಲ. ಗಿಡ ಸರಿಯಾಗಿ ಆರಿಸಿಕೊಂಡರಾಯಿತು.

ದಸರೆಯಲ್ಲಿ ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನ ನೋಡಿ ಬಂದವರು ಸುಮ್ಮನೆ ಕೂರಬಾರದು. ಆಗಲೇ ಪೆಟೂನಿಯ, ಫ್ಲಾಕ್ಸ್ ಬೀಜ ಚೆಲ್ಲಿ ಸಸಿ ಮಾಡಿಕೊಂಡರೆ ಜನವರಿಗೆ ಅಂಗಳ ತುಂಬ ಬಣ್ಣ. ಬೇಲಿಗೆ ಮಾಗಿ ಮಲ್ಲಿಗೆ ಹಬ್ಬಿಸಿ. ಜಾಗ ದೊಡ್ಡದಿದ್ದರೆ ಒಂದು ಆಕಾಶಮಲ್ಲಿಗೆ ಇರಲಿ. ಕೊಂಬೆ ಗಾಳಿಗೆ ಬೇಗ ಮುರಿಯುತ್ತದೆ, ಗೋಡೆಗೆ ಹತ್ತಿರ ಬೇಡ. ಚಪ್ಪರಕ್ಕೆ ಅವರೆ ಬಳ್ಳಿ ಬಿಟ್ಟರೆ ಕಣ್ಣಿಗೆ ಹೂವೂ ಆಯಿತು, ಊಟಕ್ಕೆ ಹಿತಕಿದ ಬೇಳೆ ಸಾರೂ ಆಯಿತು.

ಇಷ್ಟೆಲ್ಲ ತಿಳಿದ ನನಗೇ ಸೇವಂತಿಗೆ ಪಾಠ ಕಲಿಸಿತು. ನಮ್ಮತ್ತೆಯವರು ತವರಿನಿಂದ ತಂದ ಹಳದಿ ಸೇವಂತಿಗೆ ಅದು. ವರ್ಷವರ್ಷವೂ ಕಂದು ಬಿಡಿಸಿ ನೆಟ್ಟು ಉಳಿಸಿಕೊಂಡದ್ದು. ಎರಡು ಮಾಗಿ ಕಳೆದರೂ ಒಂದು ಮೊಗ್ಗಿಲ್ಲ. ಸೆಗಣಿ ಗೊಬ್ಬರ ಹಾಕಿದೆ, ಹಿಂಡಿ ಹಾಕಿದೆ. ಗಿಡ ಎತ್ತರ ಬೆಳೆಯಿತು, ಅಷ್ಟೆ. “ನಾನು ಹೋಗೋದ್ರೊಳಗೆ ಒಂದ್ಸಲ ಬಿಡತ್ತೇನೇ?” ಎಂದು ಎಂಬತ್ತನಾಲ್ಕರ ಅತ್ತೆ ಕೇಳಿದಾಗ ಕರುಳು ಚುರ್ ಎಂದಿತು.

ಸಸಿ ಮಾರುವ ಮುದುಕಪ್ಪ ಎಲ್ಲ ಕೇಳಿ, “ಕುಂಡದ ಮೇಲೆ ರಾತ್ರಿ ಲೈಟ್ ಬೀಳತ್ತಾ ತಾಯಿ?” ಎಂದ. ಬೀಳುತ್ತಿತ್ತು! ಎರಡು ವರ್ಷದ ಹಿಂದೆ ಅತ್ತೆ ಕತ್ತಲಲ್ಲಿ ಜಾರಿ ಬಿದ್ದ ಮೇಲೆ ವರಾಂಡದ ದೀಪ ಬೆಳಗಿನವರೆಗೆ ಆರಿಸುತ್ತಿರಲಿಲ್ಲ.

ಗಿಡಗಳು ಹಗಲಿರುಳಿನ ಲೆಕ್ಕ ಇಡುತ್ತವೆಂದು ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬ ವಿಜ್ಞಾನಿಗಳು 1920ರಲ್ಲೇ ಬರೆದಿದ್ದಾರೆ. ಮೈಸೂರಿನಲ್ಲಿ ಜೂನ್ ಹಗಲಿಗೂ ಡಿಸೆಂಬರ್ ಹಗಲಿಗೂ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ. ಸೇವಂತಿಗೆಗೆ ಅಷ್ಟೇ ಸಾಕು. ರಾತ್ರಿ ಉದ್ದವಾಯಿತೆಂದು ತಿಳಿದು ಮೊಗ್ಗು ಕಟ್ಟುತ್ತದೆ. ನಡುವೆ ದೀಪ ಉರಿದರೆ ಲೆಕ್ಕ ತಪ್ಪುತ್ತದೆ.

ದೀಪ ಆರಿಸುವಂತಿರಲಿಲ್ಲ. ದೀಪಾವಳಿ ಮುಗಿದ ಕೂಡಲೇ ಕುಂಡಗಳನ್ನೇ ಹಿತ್ತಿಲ ಬಾವಿಕಟ್ಟೆಯ ಪಕ್ಕಕ್ಕೆ ಸಾಗಿಸಿದೆ. ಹಗಲಿಡೀ ಬಿಸಿಲು, ರಾತ್ರಿ ಗವ್ವೆನ್ನುವ ಕತ್ತಲೆ. ತಿಂಗಳು ಕಳೆಯುವಷ್ಟರಲ್ಲಿ ಬಟಾಣಿ ಕಾಳಿನಂಥ ಮೊಗ್ಗು ಕಂಡವು. ಧನುರ್ಮಾಸದ ಪೂಜೆಗೆ ಮಾತ್ರ ಮಾರುಕಟ್ಟೆಯ ಹೂವೇ ಗತಿಯಾಯಿತು.

ಸಂಕ್ರಾಂತಿಯ ಬೆಳಗ್ಗೆ ಅತ್ತೆ ನನ್ನ ಕೈ ಹಿಡಿದು ಹಿತ್ತಿಲಿಗೆ ಬಂದು, ತಾವೇ ಬುಟ್ಟಿ ತುಂಬ ಕೊಯ್ದರು. ದೇವರಿಗೆ ಏರಿಸಿ, “ಟೊರಾಂಟೊಗೆ ಫೋಟೋ ಕಳಿಸೇ, ಅವಳೂ ನೋಡ್ಲಿ” ಎಂದರು.

ಹೂ ಮುಗಿದ ಮೇಲೆ ಗಿಡವನ್ನು ಗೇಣುದ್ದ ಬಿಟ್ಟು ಕತ್ತರಿಸಿ, ಬುಡದಲ್ಲಿ ಬರುವ ಕಂದು ಬಿಡಿಸಿ ನೆಡಿ. ನಿಮ್ಮ ಸೇವಂತಿಗೆಯೂ ಮುನಿಸಿಕೊಂಡಿದ್ದರೆ, ಗೊಬ್ಬರ ಸುರಿಯುವ ಮೊದಲು ಒಂದು ರಾತ್ರಿ ಎದ್ದು ನೋಡಿ: ಅದಕ್ಕೆ ಕತ್ತಲೆ ಸಿಗುತ್ತಿದೆಯೇ?